ಶನಿವಾರದ ಲ್ಯಾಬ್: ನೀರಿನ ಬಾಟಲಿ, ಸ್ಕಾಲರ್‌ಶಿಪ್ ಅರ್ಜಿ

ಅವತ್ತು ಮಧ್ಯಾಹ್ನ ಲ್ಯಾಬಿನಲ್ಲಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಎಷ್ಟಿದೆ ಅಂತ ಅಳೆಯುತ್ತಿದ್ದೆವು. ಬ್ಯುರೆಟ್ಟು ಅನ್ನುವ ಅಳತೆಯ ಗಾಜಿನ ಕೊಳವೆಯಿಂದ ಇಡಿಟಿಎ ದ್ರಾವಣ ಹನಿಹನಿಯಾಗಿ ಬೀಳಬೇಕು. ಫ್ಲಾಸ್ಕಿನಲ್ಲಿರುವ ದ್ರಾಕ್ಷಿ ಕೆಂಪು ನೀಲಿಗೆ ತಿರುಗುವ ಆ ಒಂದು ಹನಿಗೆ ಕಾಯಬೇಕು. ಕಾಯುತ್ತಿದ್ದ ಹುಡುಗಿ ಹಾಗೇ ಕೆಳಗೆ ಕುಸಿದು ಕೂತಳು. ನೀರು ಕುಡಿಸಿ, ಗಾಳಿ ಬೀಸಿ ಎಬ್ಬಿಸಿದೆವು. ಕಣ್ಣು ಬಿಟ್ಟವಳು ಮೊದಲು ಹೇಳಿದ್ದು, "ರೀಡಿಂಗ್ ಹೋಯ್ತು ಸರ್." ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟಿದ್ದಳು. ಅಲ್ಲಿಂದ ಮಧ್ಯಾಹ್ನ ಮೂರರವರೆಗೆ ಅವಳ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಟೀ ಮಾತ್ರ.

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. 2022ರಲ್ಲಿ ಬಿಎಸ್ಸಿ ಮಕ್ಕಳನ್ನು ಸೇರಿಸಿಕೊಂಡು ಬೋರ್‌ವೆಲ್ ನೀರಿನ ಮೇಲೆ ಒಂದು ಪ್ರಾಜೆಕ್ಟ್ ಶುರು ಮಾಡಿದೆ. ಅದೇ ವರ್ಷ ವಿದ್ಯಾರ್ಥಿ ನೆರವು ಸಮಿತಿಯ ಕೆಲಸವೂ ನನ್ನ ಪಾಲಿಗೆ ಬಂತು. ಎರಡೂ ಬೇರೆ ಬೇರೆ ಅಂತಲೇ ಅಂದುಕೊಂಡಿದ್ದೆ. ಕಾಗದದ ಮೇಲೂ ಹಾಗೇ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ವರದಿ ಬರೆಯುವಾಗ ಸಂಶೋಧನೆ ಮೂರನೇ ಮಾನದಂಡ, ವಿದ್ಯಾರ್ಥಿ ಬೆಂಬಲ ಐದನೆಯದು. ಎರಡಕ್ಕೂ ಬೇರೆ ಫೈಲು, ಬೇರೆ ಕಪಾಟು. ಆ ಹುಡುಗಿ ಕುಸಿದ ದಿನದಿಂದ ನನಗೆ ಹಾಗೆ ನೋಡುವುದಕ್ಕೆ ಆಗಲಿಲ್ಲ.

ಪ್ರಾಜೆಕ್ಟಿನ ಕಥೆ ಮೊದಲು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ, ಇಲ್ಲದಿದ್ದರೆ ಬೋರ್‌ವೆಲ್. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಇಲ್ಲಿ ಮಾಮೂಲು. ಆಳಕ್ಕೆ ಹೋದಹಾಗೆ ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಬರುತ್ತದೆ. ಅದರ ಜೊತೆ ಕಲ್ಲಿನಿಂದ ಕರಗಿದ ಫ್ಲೋರೈಡ್ ಕೂಡ ಬರುತ್ತದೆ, ಅದು ಹೆಚ್ಚಾದರೆ ಹಲ್ಲು, ಮೂಳೆಗೆ ಕೆಡುಕು. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಬತ್ತಿದ ಕೆರೆಯಲ್ಲಿ ನೀರು ನಿಂತಿದ್ದನ್ನು ನೋಡಿ ಜನ ಸಂತೋಷಪಟ್ಟರು. ಜೊತೆಗೆ ನಮ್ಮ ಬೋರ್‌ವೆಲ್ ನೀರು ಈಗ ಹೇಗಿದೆ ಅನ್ನೋ ಪ್ರಶ್ನೆಯೂ ಮನೆಮನೆಯಲ್ಲಿ ಹುಟ್ಟಿತು.

ನಾನು ಮೊದಲು ಇಟ್ಟುಕೊಂಡ ವಿಷಯ ಇದೇ. ಆ ನೀರಿನಿಂದ ಅಂತರ್ಜಲಕ್ಕೆ ಆದ ಪರಿಣಾಮ. ಒಂದು ತಿಂಗಳು ಓಡಾಡಿದ ಮೇಲೆ ಗೊತ್ತಾಯಿತು, ಇದು ನಮ್ಮ ಕೈಲಿ ಆಗುವ ಕೆಲಸ ಅಲ್ಲ. 2018ಕ್ಕೆ ಮುಂಚೆ ಅದೇ ಬೋರ್‌ವೆಲ್‌ಗಳ ನೀರು ಹೇಗಿತ್ತು ಅನ್ನುವ ಅಳತೆ ನಮ್ಮ ಹತ್ತಿರ ಇರಲಿಲ್ಲ. ಭಾರ ಲೋಹ ನೋಡುವ ಉಪಕರಣವೂ ಇಲ್ಲ. ಹೀಗಾಗಿ ಪ್ರಶ್ನೆಯನ್ನು ಚಿಕ್ಕದು ಮಾಡಿದೆವು. ಜನ ಕುಡಿಯುವುದಕ್ಕೆ ಬಳಸುವ ಬೋರ್‌ವೆಲ್‌ಗಳಲ್ಲಿ ಗಡಸುತನ ಮತ್ತು ಫ್ಲೋರೈಡ್ ಮಳೆಗಾಲಕ್ಕೆ ಮುಂಚೆ ಎಷ್ಟು, ಆಮೇಲೆ ಎಷ್ಟು? ಅಷ್ಟೇ. ಪ್ರಶ್ನೆ ಸಣ್ಣದಾದ ಮೇಲೆ ಮಕ್ಕಳಿಗೂ ಧೈರ್ಯ ಬಂತು.

ಮಾದರಿ ತರುವುದನ್ನು ಕಲಿಸುವುದಕ್ಕೇ ಮೂರು ವಾರ ಹಿಡಿಯಿತು. ಪಂಪ್ ಹಾಕಿದ ತಕ್ಷಣ ಬಂದ ನೀರು ಹಿಡಿಯಬಾರದು. ಪೈಪಿನಲ್ಲಿ ನಿಂತಿದ್ದ ನೀರು ಪೂರ್ತಿ ಹೋಗಬೇಕು. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆಯಬೇಕು. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಫ್ಲೋರೈಡ್ ಗಾಜಿನ ಜೊತೆ ವರ್ತಿಸುವುದರಿಂದ ಅಳತೆ ಏರುಪೇರಾಗುತ್ತದೆ. ಬಾಟಲಿ ಮೇಲೆ ಊರಿನ ಹೆಸರು ಬರೆಯಬಾರದು, ನಂಬರ್ ಮಾತ್ರ. ಯಾವ ಊರಿನ ನೀರು ಅಂತ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಬಣ್ಣ ನೋಡುತ್ತದೆ.

ಇದಕ್ಕಿಂತ ಕಷ್ಟ ಆಗಿದ್ದು ಬೇರೆ ಒಂದು ಅಭ್ಯಾಸ ಬಿಡಿಸುವುದು. ಒಬ್ಬ ಹುಡುಗ ಫ್ಲೋರೈಡ್ ಪರೀಕ್ಷೆಯ ಕಿಟ್ಟಿನ ಬಣ್ಣದ ಪಟ್ಟಿ ಹಿಡಿದುಕೊಂಡು ಕೇಳಿದ, "ಸರ್, ಉತ್ತರ ಎಷ್ಟು ಬರಬೇಕು?" ಅವನ ತಪ್ಪೇನೂ ಇಲ್ಲ. ಮೂರು ವರ್ಷ ಪ್ರಾಕ್ಟಿಕಲ್‌ನಲ್ಲಿ ನಾವು ಕಲಿಸಿದ್ದು ಅದನ್ನೇ ಅಲ್ವಾ? ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ. ಹತ್ತಿರ ಬಂದರೆ ಮಾರ್ಕ್ಸ್, ದೂರ ಹೋದರೆ ಇಲ್ಲ. ಇಲ್ಲಿ ಉತ್ತರ ನನಗೂ ಗೊತ್ತಿಲ್ಲಪ್ಪ ಅಂದೆ. ಅವನು ನಂಬಲಿಲ್ಲ. ಆಮೇಲೆ ಒಂದು ಕ್ರಮ ಮಾಡಿದೆವು. ಒಂದೇ ನೀರನ್ನು ಎರಡು ನಂಬರ್ ಹಾಕಿ ಇಬ್ಬರಿಗೆ ಕೊಡುವುದು. ಇಬ್ಬರ ಅಳತೆ ಕೂಡದಿದ್ದರೆ ಇಬ್ಬರೂ ಮತ್ತೆ ಮಾಡುವುದು. ಯಾರನ್ನೂ ಬೈಯುವುದಿಲ್ಲ. ಹಳೇ ಅಳತೆಯನ್ನು ಹೊಡೆದು ಹಾಕುವಂತೆಯೂ ಇಲ್ಲ, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಈ ಒಂದು ಪದ್ಧತಿಯಿಂದ ಆದಷ್ಟು ಕಲಿಕೆ ನನ್ನ ಪಾಠದಿಂದ ಆಗಿಲ್ಲ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಇಷ್ಟೆಲ್ಲ ನಡೆದರೂ ಮೊದಲ ವರ್ಷ ಪ್ರಾಜೆಕ್ಟ್ ನಿಂತೇ ಹೋಯಿತು. ಹನ್ನೊಂದು ಮಕ್ಕಳಲ್ಲಿ ನಾಲ್ವರು ಉಳಿದರು. ಆಸಕ್ತಿ ಇಲ್ಲ ಅಂದುಕೊಂಡೆ. ಆ ಹುಡುಗಿ ಕುಸಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಯಾಕೆ ಬಿಟ್ಟೆ ಅಂತ ಕೇಳಲಿಲ್ಲ. ಯಾವ ಬಸ್ಸು, ಬೆಳಿಗ್ಗೆ ಏನು ತಿಂದೆ, ಫೀಸು ಯಾರು ಕಟ್ಟಿದರು ಅಂತ ಕೇಳಿದೆ. ನಮ್ಮಲ್ಲಿ ಪ್ರತಿ ವಿದ್ಯಾರ್ಥಿಯ ಸ್ಥಿತಿಗತಿ ಬರೆದಿಡುವ ಮೆಂಟರ್ ಪುಸ್ತಕ ಅಂತ ಒಂದಿದೆ. ಅದರಲ್ಲಿ ಎಲ್ಲರ ಮುಂದೆಯೂ 'ಸಮಾಧಾನಕರ' ಅಂತ ಬರೆದಿತ್ತು. ಬರೆದವನು ನಾನೇ. ಈಗ ಆ ಪುಸ್ತಕದಲ್ಲಿ ಈ ಮೂರೇ ಪ್ರಶ್ನೆ ಇವೆ.

ಉತ್ತರಗಳು ನೇರವಾಗಿದ್ದವು. ಇಬ್ಬರು ಹುಡುಗಿಯರಿಗೆ ಸಂಜೆ ಲ್ಯಾಬ್ ಮುಗಿಯುವ ಹೊತ್ತಿಗೆ ಊರಿನ ಕೊನೇ ಬಸ್ಸು ಹೋಗಿರುತ್ತಿತ್ತು. ಒಬ್ಬ ಬಾರ್ ಪಕ್ಕದ ಹೋಟೆಲಿನಲ್ಲಿ ಸಂಜೆ ಐದಕ್ಕೆ ಕೆಲಸಕ್ಕೆ ಹೋಗಬೇಕು. ಮೂವರಿಗೆ ಸ್ಕಾಲರ್‌ಶಿಪ್ ಬಂದಿರಲಿಲ್ಲ, ಹಾಗಾಗಿ ಟೊಮೆಟೊ ಮಂಡಿಯಲ್ಲಿ ದಿನಗೂಲಿಗೆ ಹೋಗುತ್ತಿದ್ದರು. ಇನ್ನೊಬ್ಬಳದು ಬೇರೆಯೇ. ಅದನ್ನು ಆಮೇಲೆ ಹೇಳುತ್ತೇನೆ.

ಲ್ಯಾಬ್ ಕೆಲಸವನ್ನು ಶನಿವಾರ ಬೆಳಿಗ್ಗೆಗೆ ಬದಲಾಯಿಸಿದೆವು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು. ಮಾದರಿ ತರಲು ಬೇರೆ ಊರಿಗೆ ಹೋಗುವುದಕ್ಕೂ ಅದು ಸಹಾಯ ಆಯಿತು. ಆದರೆ ಟಿಕೆಟ್ ಉಚಿತವಾದರೆ ಸಾಲದು, ಬಸ್ಸಿನ ಹೊತ್ತೂ ಹೊಂದಬೇಕು. ಈಗ ನಮ್ಮ ವೇಳಾಪಟ್ಟಿ ಮಾಡುವುದು ಬಸ್ಸಿನ ಹೊತ್ತು ನೋಡಿಕೊಂಡೇ. ನನ್ನ ಕೋಣೆಯ ಕಪಾಟಿನಲ್ಲಿ ಅವಲಕ್ಕಿ, ಕಡ್ಲೆಬೀಜ, ಬೆಲ್ಲ, ಬಾಳೆಹಣ್ಣು ಇರುತ್ತವೆ. ಲ್ಯಾಬಿನೊಳಗೆ ತಿನ್ನುವಂತಿಲ್ಲ, ಅದಕ್ಕೆ ಕೋಣೆಯಲ್ಲಿ. ಸಹೋದ್ಯೋಗಿಗಳು ತಿಂಗಳಿಗಿಷ್ಟು ಅಂತ ಹಾಕುತ್ತಾರೆ. ಯಾರು ತಿಂದರು ಅಂತ ಬರೆದಿಡುವುದಿಲ್ಲ. ಬರೆದಿಟ್ಟರೆ ಹಸಿದವರು ಬರುವುದಿಲ್ಲ.

ಸ್ಕಾಲರ್‌ಶಿಪ್ ವಿಷಯದಲ್ಲಿ ನಾನು ಕಲಿತಿದ್ದು ಜಾಸ್ತಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಬೇಕು. ಅರ್ಜಿ ಹಾಕಿದ್ದೀನಿ ಸರ್, ದುಡ್ಡು ಬಂದಿಲ್ಲ ಅಂತ ಮಕ್ಕಳು ಹೇಳಿದರೆ ನಾವು "ಬರುತ್ತೆ ಇರು" ಅಂತಿದ್ದೆವು. ಹಾಗೆ ಹೇಳಬಾರದು. ಎಲ್ಲಿ ನಿಂತಿದೆ ಅಂತ ಹುಡುಕಬೇಕು. ನಮ್ಮಲ್ಲಿ ನಿಂತಿದ್ದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಇಲ್ಲದಿದ್ದರೆ ಒಂದು ಅಕ್ಷರ ವ್ಯತ್ಯಾಸ. ಎರಡನೆಯದು ಬ್ಯಾಂಕ್. ದುಡ್ಡು ಹೋಗುವುದು ಆಧಾರ್‌ಗೆ ಜೋಡಿಸಿದ ಖಾತೆಗೆ, ಮಗು ಪಾಸ್‌ಬುಕ್ ತೋರಿಸಿದ ಖಾತೆಗೆ ಅಲ್ಲ. ಒಬ್ಬ ಹುಡುಗನ ದುಡ್ಡು ಅವನು ಮರೆತೇಬಿಟ್ಟಿದ್ದ ಹಳೇ ಖಾತೆಯಲ್ಲಿ ಸುಮ್ನೆ ಬಿದ್ದಿತ್ತು. ಆಧಾರ್ ವೆಬ್‌ಸೈಟಿನಲ್ಲೇ ಯಾವ ಬ್ಯಾಂಕ್ ಜೋಡಣೆಯಾಗಿದೆ ಅಂತ ನೋಡಬಹುದು. ಮೊಬೈಲಿಗೆ ಓಟಿಪಿ ಬಂದರೆ ಎರಡು ನಿಮಿಷದ ಕೆಲಸ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿ ಇದೆಯಾ ಅಂತಲೂ ಆಗಲೇ ನೋಡುತ್ತೇವೆ. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡಿರುವ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಯ ಖರ್ಚಿಗೆ ವಿದ್ಯಾಸಿರಿ ಯೋಜನೆ ಇದೆ. ನಾನು ಸಮಿತಿಗೆ ಬಂದಾಗ ಅದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಇತ್ತು. ಇದು ಗೊತ್ತೇ ಇಲ್ಲದ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಈ ಕೆಲಸವನ್ನೂ ಶನಿವಾರಕ್ಕೇ ತಂದೆ. ಅರ್ಜಿ ನೋಡುವುದು ಪ್ರಾಜೆಕ್ಟಿನ ಮಕ್ಕಳೇ. ನೀರಿನ ಮಾದರಿಗೆ ಪಟ್ಟಿ ಇಟ್ಟಂತೆ ಅರ್ಜಿಗೂ ಪಟ್ಟಿ ಇಟ್ಟರು. ಯಾವ ದಿನ, ಎಲ್ಲಿ ನಿಂತಿದೆ, ಮುಂದೆ ಯಾರ ಹತ್ತಿರ ಹೋಗಬೇಕು. ಆಧಾರ್ ನಂಬರ್, ಓಟಿಪಿ ಮಾತ್ರ ಅರ್ಜಿ ಹಾಕಿದವರೇ ಒತ್ತಬೇಕು, ಬೇರೆಯವರು ನೋಡುವಂತಿಲ್ಲ. ಈ ನಿಯಮ ಮಾಡಿದ್ದೂ ಮಕ್ಕಳೇ.

ಈಗ ಆ ಇನ್ನೊಬ್ಬಳ ವಿಷಯ. ಅವಳು ಮಾತಾಡುವಾಗ, ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಹಲ್ಲಿನ ಮೇಲೆ ಕಂದು ಕಲೆ. ಚಿಕ್ಕ ವಯಸ್ಸಿನಲ್ಲಿ ಒಸಡಿನೊಳಗೆ ಹಲ್ಲು ಬೆಳೆಯುವಾಗ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ ಹೀಗಾಗುತ್ತದೆ, ಆಮೇಲೆ ಉಜ್ಜಿದರೆ ಹೋಗುವುದಿಲ್ಲ. ಮಾದರಿಗೆ ಊರುಗಳ ಪಟ್ಟಿ ಮಾಡುವಾಗ ಅವಳು, "ನಮ್ಮೂರು ಬೇಡ ಸರ್" ಅಂದಿದ್ದಳು. ನಾನು ಕಾರಣ ಕೇಳದೆ ಬಿಟ್ಟಿದ್ದೆ. ಅವಳು ಪ್ರಾಜೆಕ್ಟ್ ಬಿಟ್ಟಿದ್ದೂ ಅದಕ್ಕೇ. ಗುಂಪಿನಲ್ಲಿ ಫ್ಲೋರೈಡ್ ಅಂದಾಗೆಲ್ಲ ಎಲ್ಲರೂ ತನ್ನನ್ನೇ ನೋಡುತ್ತಾರೆ ಅಂತ ಅವಳಿಗೆ ಅನ್ನಿಸುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ನಾನು ಸಲಹೆಗಾರ ಅಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ದಿನದ ಯಾವ ಹೊತ್ತಿಗಾದರೂ ಸರಿ. ನನ್ನ ಕೋಣೆಯಲ್ಲಿ ಕೂತು ಅವಳೇ ಫೋನ್ ಮಾಡಿದಳು, ನಾನು ಹೊರಗೆ ನಿಂತಿದ್ದೆ. ಹಲವು ತಿಂಗಳಾದ ಮೇಲೆ ಒಂದು ಶನಿವಾರ ಅವಳು ತಾನಾಗೇ ಬಾಟಲಿ ತಂದಳು. ನಂಬರ್ ಹಾಕಿ ಇಟ್ಟೆವು. ಬೇರೆ ಇಬ್ಬರು ಪರೀಕ್ಷೆ ಮಾಡಿದರು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ನಮ್ಮ ಬಾಟಲಿಗಳಲ್ಲಿ ಕೆಲವು ಅದನ್ನು ದಾಟಿದ್ದವು. ನಮ್ಮದು ಕಿಟ್ಟಿನ ಅಳತೆ. ಅದನ್ನೇ ನಂಬಿ ಊರಿಗೆ ಹೋಗಿ ಹೇಳುವುದು ತಪ್ಪು. ದಾಟಿದ ಮಾದರಿಗಳನ್ನೆಲ್ಲ ಮತ್ತೆ ತಂದು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟೆವು. ಅಲ್ಲಿಂದ ಖಚಿತವಾದ ಮೇಲೆ ಪಂಚಾಯ್ತಿಗಳಿಗೆ ಕನ್ನಡದಲ್ಲಿ ಒಂದು ಪುಟದ ಕಾಗದ ಕೊಟ್ಟೆವು. ನೀರು ಕುದಿಸಿದರೆ ಸರಿಹೋಗುತ್ತೆ ಅಂತ ಬಹಳ ಮನೆಗಳಲ್ಲಿ ನಂಬಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ಒಂದು ಪಂಚಾಯ್ತಿಯಲ್ಲಿ ಪರೀಕ್ಷೆಯ ಕಿಟ್ ಡಬ್ಬಿ ಒಡೆಯದೆ ಇತ್ತು. ನಮ್ಮ ಮಕ್ಕಳು ಕೂತು ಅಲ್ಲಿನ ಹೆಣ್ಣುಮಕ್ಕಳಿಗೆ ಅದನ್ನು ಬಳಸುವುದು ತೋರಿಸಿದರು.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ಹೋಟೆಲ್ ಕೆಲಸದ ಹುಡುಗ ಕೊನೆಗೂ ಡಿಗ್ರಿ ಮುಗಿಸಲಿಲ್ಲ. ಅವನ ಅಪ್ಪನಿಗೆ ಹುಷಾರಿಲ್ಲದೆ ಮನೆ ಅವನ ಮೇಲೆ ಬಿತ್ತು. ನಮ್ಮ ಹತ್ತಿರ ಅದಕ್ಕೆ ಉಪಾಯ ಇರಲಿಲ್ಲ. ಈಗಲೂ ಅವನ ಅಳತೆಗಳು ನೋಟ್‌ಬುಕ್ಕಿನಲ್ಲಿ ಇವೆ. ಬಹಳ ಎಚ್ಚರದ ಕೈ ಅವನದು.

ನಾಲ್ಕು ವರ್ಷದ ಆನರ್ಸ್ ಇದ್ದಾಗ ಕೊನೇ ವರ್ಷದಲ್ಲಿ ಸಂಶೋಧನೆಗೆ ಜಾಗ ಇತ್ತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿತು. ಬಡ ಮನೆಯ ಮಕ್ಕಳಿಗೆ ಒಂದು ವರ್ಷ ಉಳಿಯುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಆದರೆ ನಮ್ಮ ಶನಿವಾರದ ಕೆಲಸಕ್ಕೆ ಮಾರ್ಕ್ಸ್ ಇಲ್ಲ, ಕ್ರೆಡಿಟ್ ಇಲ್ಲ. ಈ ವರ್ಷ ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಒಂಬತ್ತು ಮಂದಿ ನನ್ನ ಕೋಣೆಗೆ ಮೊದಲು ಬಂದಿದ್ದು ಸ್ಕಾಲರ್‌ಶಿಪ್ ಎಲ್ಲಿ ನಿಂತಿದೆ ಅಂತ ಕೇಳುವುದಕ್ಕೆ.