ಗದ್ದೆ ಕೆಸರಾಗಿದ್ದರೆ ಭತ್ತ ಕೊಯ್ಯುವುದು ಹೇಗೆ?

ಗೋವಾದಲ್ಲಿ ಮುಂಗಾರು ಭತ್ತ ಹಣ್ಣಾಗುವುದೂ ಮಳೆಗಾಲ ಕಾಲು ತೆಗೆಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಬೆಳಿಗ್ಗೆ ಬಿಸಿಲು, ಸಂಜೆ ಗುಡುಗಿನ ಮಳೆ. ತಿಸ್ವಾಡಿ, ಸಾಲ್ಸೆಟ್ ಕಡೆಯ ತಗ್ಗು ಗದ್ದೆ ಮಾಡುವ, ಇಲ್ಲವೇ ಘಟ್ಟದ ಮೇಲಿಂದ ಕಟಾವು ಯಂತ್ರ ತಂದು ಬಾಡಿಗೆಗೆ ಓಡಿಸುವ ನಮ್ಮವರ ಮೊದಲ ಪ್ರಶ್ನೆ ಒಂದೇ: ‘ಗಾಡಿ ಇಳೀತದೇನ್ರೀ?’ ಹತ್ತು ದಿನ ಮೊದಲು ಗದ್ದೆಯ ನೀರು ಹೊರಗೆ ಬಿಟ್ಟಿದ್ದರೆ ಇಳಿಯುತ್ತದೆ.

ಮೊದಲು ನೀರು

ತೆನೆಯ ಕಾಳು ಶೇ 80–85ರಷ್ಟು ಹೊಂಬಣ್ಣಕ್ಕೆ ತಿರುಗಿದಾಗ, ಹೂಬಿಟ್ಟು ಸುಮಾರು 30 ದಿನಕ್ಕೆ, ಕೊಯ್ಲಿನ ಹದ. ಆಗ ಕಾಳಿನ ತೇವಾಂಶ ಶೇ 20–24. ಅದಕ್ಕೆ 7–10 ದಿನ ಮೊದಲೇ ನೀರು ಹೊರಗೆ ಬಿಡಬೇಕು. ಜೇಡಿಮಣ್ಣಾದರೆ ಎರಡು ವಾರ ಮೊದಲು.

ಖಾಜನ್ ಗದ್ದೆಯಲ್ಲಿ, ಅಂದರೆ ಉಪ್ಪುನೀರಿನ ನದಿಯಂಚಿನಲ್ಲಿ ಬದು ಕಟ್ಟಿ ಮಾಡಿದ ಗದ್ದೆಯಲ್ಲಿ, ಇದು ಹೇಳಿದಷ್ಟು ಸುಲಭವಲ್ಲ. ಅಲ್ಲಿ ಗದ್ದೆಯ ಮಟ್ಟ ಉಬ್ಬರದ ನೀರಿಗಿಂತ ತಗ್ಗು. ಉಬ್ಬರದಲ್ಲಿ ನದಿಯ ನೀರು ಒತ್ತಿ ತೂಬಿನ ಬಾಗಿಲು ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಅಂದರೆ ನೀರು ಹರಿಯಲು ಸಿಗುವುದು ದಿನಕ್ಕೆ ಎರಡು ಸರದಿ, ಅಷ್ಟೇ. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಇಳಿತ ಹೆಚ್ಚು ಆಳ. ಕಾಲುವೆಯ ಕಳೆ, ಹೂಳು ಅದಕ್ಕೆ ಮೊದಲೇ ತೆಗೆದಿರಲಿ. ತೂಬಿನಲ್ಲಿ ಮೀನು ಹಿಡಿಯುವ ಗುತ್ತಿಗೆದಾರನಿಗೆ ನೀರು ಒಳಬಂದಷ್ಟೂ ಲಾಭ. ಅವನ ಜೊತೆ ಮುಂಚೆಯೇ ಮಾತಾಡಿಕೊಳ್ಳಿ, ಕೊಯ್ಲಿನ ವಾರದಲ್ಲಿ ಜಗಳಕ್ಕೆ ಪುರುಸೊತ್ತಿರುವುದಿಲ್ಲ.

ಗದ್ದೆಯೊಳಗೆ ಬದುವಿನ ಗುಂಟ ಸಲಿಕೆಯಗಲ, 20–25 ಸೆಂ.ಮೀ. ಆಳದ ಕಾಲುವೆ ತೋಡಿ, ತಗ್ಗಿನ ಜಾಗದಿಂದ ಅದಕ್ಕೊಂದು ಕವಲು ಕೊಡಿ. ಒಳಬದು ಕಡಿದರೆ ಮತ್ತೆ ಕಟ್ಟಿದರಾಯಿತು. ಹೊರಬದುವಿಗೆ ಮಾತ್ರ ಕೈ ಹಚ್ಚಬೇಡಿ. ಅಲ್ಲಿ ನುಗ್ಗಿದ ಉಪ್ಪುನೀರಿನ ಉಪ್ಪು ತೊಳೆದುಹೋಗಲು ಮುಂದಿನ ಮಳೆಗಾಲವೇ ಬರಬೇಕು.

ಕಾಲಿಟ್ಟು ನೋಡಿ

ದಂಡೆಯಲ್ಲಿ ನಿಂತು ಅಂದಾಜು ಮಾಡಿದರೆ ಕೆಟ್ಟಿರಿ. ಒಳಗೆ ಅಡ್ಡಡ್ಡ ನಡೆಯಿರಿ. ಹಿಮ್ಮಡಿಯ ಗುರುತಷ್ಟೇ ಮೂಡಿದರೆ ಗಾಲಿಯ ಯಂತ್ರವೂ ನಡೆಯುತ್ತದೆ. ಕಾಲು ಹರಡಿನವರೆಗೆ ಹೂತರೆ ಚೈನ್ ಯಂತ್ರವೇ ಬೇಕು, ಅದರ ಅಗಲವಾದ ರಬ್ಬರ್ ಪಟ್ಟಿ ಭಾರವನ್ನು ಹರಡುತ್ತದೆ. ಮೀನಖಂಡದವರೆಗೆ ಹೂತು ತಳವೇ ಸಿಗದಿದ್ದರೆ ಕುಡುಗೋಲು ಹುಡುಕಿ. ಅನುಮಾನವಿದ್ದಲ್ಲಿ 10 ಮಿ.ಮೀ. ಕಬ್ಬಿಣದ ಸರಳು ಚುಚ್ಚಿ, 20–25 ಸೆಂ.ಮೀ. ಒಳಗೆ ಗಟ್ಟಿ ತಳ ತಗುಲಬೇಕು. ತಗುಲದ ಕಡೆ ಪೈರಿಗಿಂತ ಎತ್ತರದ ಕೋಲು ನೆಟ್ಟು ಬಟ್ಟೆ ಕಟ್ಟಿ. ಡ್ರೈವರ್‌ಗೆ ಪೈರಿನಡಿಯ ಹುದುಲು ಕಾಣುವುದಿಲ್ಲ.

ಯಾವ ಗದ್ದೆ ಮೊದಲು? ಬಿದ್ದು ತೆನೆ ನೀರಿಗೆ ತಾಗಿದ್ದು. ಅದು ಕೆಲವೇ ದಿನದಲ್ಲಿ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ನಿಂತ ಪೈರು ಎರಡು ದಿನ ಕಾಯುತ್ತದೆ. ಕೊರ್ಗುಟ್‌ನಂಥ ಎತ್ತರದ ನಾಟಿ ತಳಿ ಬೇಗ ಮಲಗುತ್ತದೆ, ಅದರ ಮೇಲೆ ಕಣ್ಣಿರಲಿ.

ಯಂತ್ರ ಇಳಿದ ಮೇಲೆ

ಇಬ್ಬನಿ ಆರುವ ಮೊದಲು, ಅಂದರೆ ಹತ್ತು ಗಂಟೆಗೆ ಮುಂಚೆ ಶುರು ಮಾಡಬೇಡಿ. ಒದ್ದೆ ಹುಲ್ಲು ಕಾಳು ಬಿಡಿಸುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಾಳು ಜರಡಿಗೆ ಇಳಿಯದೆ ಹುಲ್ಲಿನ ಜೊತೆ ಹಿಂದಕ್ಕೆ ಬೀಳುತ್ತದೆ. ಹುಲ್ಲು ಹಸಿಯಿದ್ದಷ್ಟು ಕಟರ್ ಮೇಲಕ್ಕೆತ್ತಿ ಕೊಯ್ಯಬೇಕು. ಕೂಳೆ ಉದ್ದ ಉಳಿದರೂ ಯಂತ್ರದೊಳಗೆ ಹೋಗುವ ಹುಲ್ಲು ಕಡಿಮೆಯಾಗುತ್ತದೆ, ಕಟರ್‌ಗೆ ಕೆಸರೂ ಮೆತ್ತುವುದಿಲ್ಲ. ಬಿದ್ದ ಪೈರಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ತೆನೆ ವಾಲಿದ ದಿಕ್ಕಿಗೆ ಎದುರಾಗಿ ಅಥವಾ ಓರೆಯಾಗಿ ಹೋಗಿ, ಪೈರನ್ನು ಕಟರ್ ಕಡೆಗೆ ಎಳೆದುಕೊಳ್ಳುವ ರೀಲನ್ನು ಮುಂದಕ್ಕೂ ಕೆಳಕ್ಕೂ ತಂದು, ವೇಗ ತಗ್ಗಿಸಿ. ರೀಲಿನ ತಿರುಗು ಯಂತ್ರದ ಓಟಕ್ಕಿಂತ ತುಸುವೇ ಹೆಚ್ಚಿರಲಿ, ಜೋರಾದರೆ ಕಾಳು ಅಲ್ಲೇ ಉದುರುತ್ತದೆ. ಆಗಾಗ ಹಿಂದೆ ಬಿದ್ದ ಹುಲ್ಲನ್ನು ಕೈಯಲ್ಲಿ ಕೊಡವಿ ನೋಡಿ. ಗಟ್ಟಿ ಕಾಳು ಉದುರಿದರೆ ಜರಡಿಯೋ ಫ್ಯಾನೋ ಸರಿಯಿಲ್ಲ, ಬರೀ ಜೊಳ್ಳಾದರೆ ಚಿಂತೆಯಿಲ್ಲ.

ಟ್ಯಾಂಕ್ ತುಂಬುವವರೆಗೆ ಕಾಯಬೇಡಿ. ಒಂದು ಘನ ಮೀಟರ್ ಭತ್ತವೇ ಸುಮಾರು 600 ಕಿಲೊ. ಅರ್ಧಕ್ಕೇ ಖಾಲಿ ಮಾಡಿಸಿ. ನಿಂತಲ್ಲೇ ಗಿರಕಿ ಹೊಡೆದರೆ ಚೈನು ನೆಲ ಬಗೆದು ಗುಂಡಿ ಮಾಡಿಕೊಳ್ಳುತ್ತದೆ, ಆದ್ದರಿಂದ ಮೂಲೆಗಳನ್ನು ನಾಲ್ಕೈದು ಮೀಟರ್ ಚೌಕಕ್ಕೆ ಕೈಯಿಂದ ಕೊಯ್ದಿಟ್ಟು ಅಗಲವಾಗಿ ತಿರುಗಿಸಿ. ಒಂದೇ ಜಾಡಿನಲ್ಲಿ ಎರಡು ಸಲ ಹೋಗಬೇಡಿ. ರೋಲರ್ ನಡುವೆ ಕೆಸರು–ಹುಲ್ಲು ಗಟ್ಟಿಯಾದರೆ ಚೈನು ಕಳಚುತ್ತದೆ; ತೆಗೆಯುವಾಗ ಎಂಜಿನ್ ಬಂದ್ ಮಾಡಿ, ಕೀಲಿ ಕೈಯಲ್ಲಿರಲಿ. ಕಟರ್‌ಗೆ ಸಿಕ್ಕ ಹುಲ್ಲಿಗೂ ಇದೇ ಮಾತು.

ಹೂತುಕೊಂಡರೆ ಹಿಂದೆ ಮುಂದೆ ಒದ್ದಾಡಿಸಬೇಡಿ, ಪ್ರತಿ ಒದ್ದಾಟಕ್ಕೂ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ. ಟ್ಯಾಂಕ್ ಬರಿದು ಮಾಡಿ, ಹೆಡರ್ (ಮುಂದಿನ ಕೊಯ್ಯುವ ಭಾಗ) ಎತ್ತಿ, ಚೈನಿನ ಮುಂದಿನ ಮಣ್ಣು ಇಳಿಜಾರಾಗಿ ತೆಗೆದು ಅಡ್ಡ ಹಲಗೆ ಹಾಕಿ. ಎಳೆಯುವುದಾದರೆ ಫ್ರೇಮಿನ ಕೊಕ್ಕೆಗೇ ಹಗ್ಗ, ಅದೂ ನೇರವಾಗಿ. ಹಗ್ಗದ ಉದ್ದಕ್ಕಿಂತ ಹತ್ತಿರ ಯಾರೂ ನಿಲ್ಲಬಾರದು.

ಕೈಕೊಯ್ಲಾದರೆ ಸಿವುಡು ಸಣ್ಣದಾಗಿ ಕಟ್ಟಿ ಬದುವಿನ ಮೇಲಿಡಿ, ನೀರಿನಲ್ಲಿ ಬಿಡಬೇಡಿ. ಕಾಲಿನ ಗಾಯ ಮುಚ್ಚಿ ಗಮ್‌ಬೂಟ್ ಹಾಕಿ. ಇಂಥ ನೀರಿನಲ್ಲಿ ಇಲಿ ಜ್ವರದ ಭಯವಿದೆ. ಕೊಯ್ಲಿನ ನಂತರ ಜ್ವರ, ಮೀನಖಂಡದ ನೋವು ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಿ.

ಅದೇ ದಿನ ಹರಡಿ

ಹಸಿ ಭತ್ತ ಚೀಲದಲ್ಲಿ ರಾತ್ರಿ ಕಳೆದರೆ ಬಿಸಿಯೇರಿ ಅಕ್ಕಿ ಹಳದಿಯಾಗುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ತಾಡಪತ್ರಿಯ ಮೇಲೆ 3–5 ಸೆಂ.ಮೀ. ದಪ್ಪಕ್ಕೆ ಹರಡಿ ಅರ್ಧ ಗಂಟೆಗೊಮ್ಮೆ ಕಾಲಾಡಿಸಿ. ಮಳೆ ಬಂದರೆ ಸೂರಿನಡಿ ತೆಳ್ಳಗೆ ಹರಡಿ ಫ್ಯಾನ್ ಹಾಕಿ. ಮಿಲ್ಲಿಗೆ ಶೇ 14, ಬೀಜಕ್ಕೆ ಶೇ 12ರ ತೇವಾಂಶಕ್ಕೆ ಇಳಿಯಬೇಕು.

ಹಸಿಯಾಗಿಯೇ ಮಾರುವುದಾದರೆ ಈ ಲೆಕ್ಕ ಇಟ್ಟುಕೊಳ್ಳಿ: ಶೇ 24 ತೇವದ 100 ಕಿಲೊ ಭತ್ತ ಶೇ 14ಕ್ಕೆ ಒಣಗಿದಾಗ ಸುಮಾರು 88 ಕಿಲೊ. ವ್ಯಾಪಾರಿ 12 ಕಿಲೊ ತೂಕ ಕಳೆದರೆ ನ್ಯಾಯ; 20 ಕಳೆಯುತ್ತೇನೆ ಎಂದರೆ ತೇವಾಂಶದ ಮೀಟರ್ ತರಲು ಹೇಳಿ.