ತಾಂಬೂಲದ ಚೀಲಕ್ಕೆ ಗುಜರಿಯ ಅಚ್ಚು

ಗುಜರಿ ಅಂಗಡಿಗೆ ಹೋದಾಗ ಮೊದಲು ಹಿಡಿ ಹುಡುಕಿ, ಚಿತ್ತಾರ ಆಮೇಲೆ. ಬಟ್ಟೆಗೆ ಚಿತ್ತಾರ ಒತ್ತುವ ಅಚ್ಚು ಮಾಡುವುದು ಹೇಗೆ ಅಂತ ಕೇಳುವ ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಇದೇ. ಎಲೆ, ಹೂವು, ಮಾವಿನಕಾಯಿ ಇವನ್ನೆಲ್ಲ ನಾವೇ ಕತ್ತರಿಸಿಕೊಳ್ಳಬಹುದು. ಆದರೆ ಅಂಗೈಯಲ್ಲಿ ಸರಿಯಾಗಿ ಕೂತು, ಒತ್ತುವಾಗ ಅಲುಗದೆ ನಿಲ್ಲುವ ಮರದ ಹಿಡಿಯನ್ನು ಮನೆಯಲ್ಲಿ ಮಾಡುವುದು ಕಷ್ಟ. ಅಂಥದ್ದನ್ನು ಯಾರೋ ಬಡಗಿ ಯಾವತ್ತೋ ಕಡೆದಿಟ್ಟಿರುತ್ತಾನೆ. ಯಾರದೋ ಮನೆಯಲ್ಲಿ ಕೈ ತಾಗಿ ತಾಗಿ ನುಣುಪಾಗಿ, ಕೊನೆಗೆ ಗುಜರಿಯ ರಾಶಿಯಲ್ಲಿ ಬಂದು ಬಿದ್ದಿರುತ್ತದೆ.

ನೆಂಟರಿಷ್ಟರ ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ತಾಂಬೂಲದ ಚೀಲಕ್ಕೆ ಅಚ್ಚು ಒತ್ತಿಕೊಡುವುದು ನನ್ನ ಕೆಲಸ. ಕೋರಾ ಬಟ್ಟೆಯ ಚೀಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಹಿಡಿಸುವಷ್ಟು ಅಗಲ. ಮೇಲೊಂದು ಸಾಲು ಅಂಚು, ನಡುವೆ ಒಂದು ಮಾವಿನಕಾಯಿ. ಇಷ್ಟೇ ಅಲ್ವಾ ಅನ್ನಿಸುತ್ತದೆ. ಒಂದು ಚೀಲದ ಅಂಚಿಗೆ ಹತ್ತು ಸಲ ಅಚ್ಚು ಎತ್ತಿಟ್ಟರೆ ನೂರು ಚೀಲಕ್ಕೆ ಸಾವಿರ ಸಲ ಆಯಿತು. ಹಿಡಿ ಸರಿಯಿಲ್ಲದಿದ್ದರೆ ಇಪ್ಪತ್ತನೇ ಚೀಲಕ್ಕೇ ಬೆರಳು ನೋಯುತ್ತದೆ, ಅಂಚು ಡೊಂಕಾಗುತ್ತದೆ.

ಗುಜರಿಯಲ್ಲಿ ಏನು ನೋಡಬೇಕು

ಬೆಂಗಳೂರಿನವರಾದರೆ ಚಿಕ್ಕಪೇಟೆ ಕಡೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿಗೆ ಹೋಗಿ. ಭಾನುವಾರ ಬೆಳಿಗ್ಗೆ ಅಂಗಡಿಗಳ ಮುಂದೆ ಫುಟ್‌ಪಾತಿನಲ್ಲೇ ಹಾಸಿ, ಹಳೆ ಸಾಮಾನು ಹರಡಿರುತ್ತಾರೆ. ಬೇರೆ ಊರಿನವರಿಗೆ ಹತ್ತಿರದ ಗುಜರಿ ಅಂಗಡಿಯೇ ಸಾಕು. ಒಂದೊಂದೇ ತೋರಿಸಿ ಬೆಲೆ ಕೇಳಬೇಡಿ. ಬೇಕಾದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, "ಎಲ್ಲಾ ಸೇರಿ ಎಷ್ಟಪ್ಪಾ?" ಅನ್ನಿ. "ಇಷ್ಟು ಚಿಲ್ರೆ ಸಾಮಾನು ಏನ್ ಮಾಡ್ತೀರಕ್ಕಾ?" ಅಂತ ಖಂಡಿತ ಕೇಳುತ್ತಾರೆ. ಹೇಳಿ. ಹೇಳಿದರೆ ಅವರೇ ಗೋಣಿಚೀಲದೊಳಗೆ ಕೈ ಹಾಕಿ ಇನ್ನೂ ನಾಲ್ಕು ಹಿಡಿ ತೆಗೆದುಕೊಡುತ್ತಾರೆ.

ಹಿಡಿಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಳೆ ಮೇಜಿನ ಡ್ರಾಯರ್‌ನ ಮರದ ಗುಂಡು. ಅದರ ತಳದಲ್ಲಿ ಸ್ಕ್ರೂ ಕೂರುವ ತೂತು ಮೊದಲೇ ಇರುತ್ತದೆ, ಸಾಮಾನ್ಯವಾಗಿ 4 ಮಿ.ಮೀ. ಸ್ಕ್ರೂ ಹಿಡಿಸುತ್ತದೆ. ಅಂದರೆ ಅಂಟೇ ಬೇಡ. ಅಚ್ಚಿನ ಮೈಯಾಗುವ ಪ್ಲೈವುಡ್ ತುಂಡಿಗೆ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿದರೆ ಎಷ್ಟು ಒತ್ತಿದರೂ ಕದಲುವುದಿಲ್ಲ. ಸ್ಕ್ರೂವಿನ ತಲೆ ಮಾತ್ರ ಪ್ಲೈವುಡ್‌ನ ಒಳಗೆ ಇಳಿದಿರಬೇಕು. ಇಲ್ಲದಿದ್ದರೆ ಅದರ ಮೇಲೆ ಅಂಟಿಸುವ, ಚಿತ್ತಾರ ಕತ್ತರಿಸಿದ ರಬ್ಬರ್ ಉಬ್ಬಿ, ಅಚ್ಚಿನ ನಡುವೆ ಮಾತ್ರ ಬಣ್ಣ ಗಾಢವಾಗಿ ಬೀಳುತ್ತದೆ.

ಪರದೆ ಸರಳಿನ ತುದಿಯ ಗುಂಡು ಕೂಡ ಚೆನ್ನಾಗಿರುತ್ತದೆ. ಬಣ್ಣ ಮಾಸಿದ ಚನ್ನಪಟ್ಟಣದ ಬೊಂಬೆ ಸಿಕ್ಕರೆ ಬಿಡಬೇಡಿ. ಅವನ್ನು ಆಲೆ ಮರದಲ್ಲಿ ಕಡೆಯುತ್ತಾರೆ. ಹಗುರವಾದ ಮರ, ಕೈಗೆ ಭಾರವಾಗುವುದಿಲ್ಲ. ಮೇಲೆ ಅರಗಿನ ಹೊಳಪು ಇರುವುದರಿಂದ ಅಂಟು ಹಿಡಿಯುವುದಿಲ್ಲ. ತಳವನ್ನಷ್ಟೇ ಮರ ಕಾಣುವವರೆಗೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಅಂಟಿಸಿ.

ಸಣ್ಣ ಅಚ್ಚಿಗೆ ಒಂದು ಜೋಡಿ ಹೇಳುತ್ತೇನೆ: ಕೇರಂ ಪಾನು ಮತ್ತು ಚೆಸ್‌ನ ಕಾಲಾಳು. ಕಾಯಿ ಕಳೆದುಹೋದ ಸೆಟ್ಟುಗಳು ಗುಜರಿಯಲ್ಲಿ ಬಿದ್ದಿರುತ್ತವೆ, ಯಾರಿಗೂ ಬೇಡ. ನಿಯಮದ ಪ್ರಕಾರ ಕೇರಂ ಪಾನಿನ ಅಗಲ 3.02ರಿಂದ 3.18 ಸೆಂ.ಮೀ., ಹಾಗಾಗಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಕಾಲಾಳಿನ ತಳದ ಬಟ್ಟೆ ಕಿತ್ತು, ಫೆವಿಕಾಲ್ ಹಚ್ಚಿ ಪಾನಿನ ನಟ್ಟನಡುವೆ ಕೂರಿಸಿ ಒಂದು ರಾತ್ರಿ ಬಿಡಿ. ಮೂರು ಬೆರಳಲ್ಲಿ ಹಿಡಿಯುವಂಥ ಅಚ್ಚಿನ ಮೈ ಸಿದ್ಧ. ಪಾನಿನ ಮುಖದಲ್ಲಿ ಕಡೆದ ಉಂಗುರದ ಗೆರೆಗಳಿದ್ದರೆ ರಬ್ಬರೂ ಬೇಡ. ಹಾಗೇ ಒತ್ತಿದರೆ ಬಣ್ಣದ ಬಿಲ್ಲೆ, ಅದರೊಳಗೆ ಬಿಳಿ ಉಂಗುರ. ಅಂಚಿಗೆ ಇದಕ್ಕಿಂತ ಚಂದ ಬೇಕಿಲ್ಲ.

ಕೊಳ್ಳುವ ಮೊದಲು ಯಾವುದೇ ವಸ್ತುವಿನ ತಳವನ್ನು ನಿಮ್ಮ ಫೋನಿನ ಗಾಜಿನ ಮೇಲೆ ಇಟ್ಟು, ಬೆರಳಿನಿಂದ ಮೆಲ್ಲಗೆ ತಟ್ಟಿ. ಗಡಗಡ ಅಲುಗಿದರೆ ತಳ ಸಮ ಇಲ್ಲ. ಸ್ವಲ್ಪ ಅಲುಗಿದರೆ ಉಜ್ಜಿ ಸರಿಮಾಡಬಹುದು, ಮರ ಸೊಟ್ಟಗಾಗಿದ್ದರೆ ಬಿಡಿ.

ನಟ್ಟು, ವಾಷರ್, ಹಳೆ ಗಡಿಯಾರದ ಹಲ್ಲಿನ ಚಕ್ರ, ಕೋಟಿನ ಗುಂಡಿ, ಇವೆಲ್ಲ ಸಿಕ್ಕಿದರೆ ತನ್ನಿ, ಚುಕ್ಕಿ ಇಡಲು ಆಗುತ್ತವೆ. ಚಕ್ಕುಲಿ ಒರಳಿನ ಬಿಲ್ಲೆಯೂ ಅಷ್ಟೇ. ಒಮ್ಮೆ ಬಣ್ಣ ತಾಗಿದ ಅಡುಗೆ ಸಾಮಾನು ಮತ್ತೆ ಅಡುಗೆಮನೆಗೆ ಹೋಗಬಾರದು, ಇದನ್ನು ಮನೆಯವರಿಗೆಲ್ಲ ಹೇಳಿಡಿ. ಸಂಕ್ರಾಂತಿಯ ಸಕ್ಕರೆ ಅಚ್ಚು ಸಿಕ್ಕರೆ ಅದನ್ನು ಬಣ್ಣಕ್ಕೆ ಅದ್ದಬೇಡಿ. ಅದರ ಚಿತ್ತಾರ ಒಳಕ್ಕೆ ಕೆತ್ತಿರುತ್ತದೆ. ಬಣ್ಣ ಹಚ್ಚಿ ಒತ್ತಿದರೆ ಸುತ್ತಲಿನ ಮರ ಮಾತ್ರ ಮೂಡುತ್ತದೆ, ನವಿಲು ಮೂಡುವುದಿಲ್ಲ. ಸುಮ್ನೆ ಒಳ್ಳೆ ಕೆತ್ತನೆ ಹಾಳು.

ಇನ್ನೊಂದು ಎಚ್ಚರ. ಹಳೆ ಎನಾಮೆಲ್ ಬಣ್ಣ ಬಳಿದ ಮರದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಸೀಸದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ಅನ್ನಿಸಿದರೆ ಒಣ ಸ್ಯಾಂಡ್‌ಪೇಪರ್ ಹಾಕಬೇಡಿ, ಅದರ ಧೂಳು ಕೆಟ್ಟದ್ದು. ಮಕ್ಕಳಿರುವ ಮನೆಯಾದರೆ ಅಂಥ ವಸ್ತುವನ್ನು ತರಲೇಬೇಡಿ.

ರಬ್ಬರ್ ಕತ್ತರಿಸುವುದು

ಬಣ್ಣ ಹಿಡಿದು ಬಿಡುವ ಮುಖಕ್ಕೆ ಮೆತ್ತನೆಯ ವಸ್ತು ಬೇಕು. ಬಟ್ಟೆ ಯಾವತ್ತೂ ಪೂರ್ತಿ ಸಮ ಇರುವುದಿಲ್ಲ. ನೂಲಿನ ಏರುತಗ್ಗಿಗೆ ಬಗ್ಗುವ ಮುಖ ಇದ್ದರೆ ಚಿತ್ತಾರ ತುಂಬಿ ಬರುತ್ತದೆ. ಸವೆದ ರಬ್ಬರ್ ಚಪ್ಪಲಿ, ಹಳೆ ಯೋಗ ಮ್ಯಾಟ್, ಮಕ್ಕಳ ಅಕ್ಷರಮಾಲೆಯ ಫೋಮ್ ಮ್ಯಾಟ್, ಪಂಕ್ಚರ್ ಅಂಗಡಿಯ ಸೈಕಲ್ ಟ್ಯೂಬ್, ಎಲ್ಲವೂ ಆಗುತ್ತವೆ. ಚಪ್ಪಲಿಯಲ್ಲಿ ಹಿಮ್ಮಡಿಯ ಭಾಗ ತಗ್ಗಾಗಿರುತ್ತದೆ. ಪಾದದ ನಡುಭಾಗದ ತುಂಡು ತೆಗೆದುಕೊಳ್ಳಿ, ಅಲ್ಲಿ ಭಾರ ಬಿದ್ದಿರುವುದಿಲ್ಲ.

ಮಾವಿನಕಾಯಿಯ ಚಿತ್ರವನ್ನು ಕಾಗದದ ಮೇಲೆ ಮೆತ್ತನೆ ಪೆನ್ಸಿಲಿನಲ್ಲಿ ಗಾಢವಾಗಿ ಬರೆಯಿರಿ. ಕಾಗದವನ್ನು ಮಗುಚಿ ರಬ್ಬರಿನ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಚಿತ್ರ ತಿರುಗುಮುರುಗಾಗಿ ರಬ್ಬರಿಗೆ ಇಳಿಯುತ್ತದೆ. ನಮಗೆ ಬೇಕಾದ್ದೂ ಅದೇ. ಒತ್ತಿದಾಗ ಅದು ಮತ್ತೆ ತಿರುಗಿ ನೇರವಾಗುತ್ತದೆ.

ಈಗ ಕತ್ತರಿಸುವುದು. ಕಟ್ಟರ್‌ಗೆ ಹೊಸ ಬ್ಲೇಡ್ ಹಾಕಿ. ಬ್ಲೇಡನ್ನು ನೆಟ್ಟಗೆ ಹಿಡಿಯಬೇಡಿ. ಚಿತ್ರದ ಗೆರೆಯಿಂದ ಹೊರಗಡೆಗೆ ಇಳಿಜಾರಾಗಿ ಓರೆಯಾಗಿ ಇಳಿಸಿ. ಅಂದರೆ ಗೆರೆಯ ಮೇಲ್ತುದಿ ಸಣ್ಣ, ಬುಡ ಅಗಲ, ಹೊಲದ ಬದುವಿನ ಹಾಗೆ. ಬ್ಲೇಡ್ ಒಳಕ್ಕೆ ವಾಲಿದರೆ ಬುಡ ಕಿರಿದಾಗುತ್ತದೆ. ಅಂಥ ಗೆರೆ ಒತ್ತಿದ ಕೂಡಲೇ ಪಕ್ಕಕ್ಕೆ ಮಲಗುತ್ತದೆ, ಹತ್ತಾರು ಒತ್ತಿಗೆ ಕಿತ್ತೇ ಬರುತ್ತದೆ. ಮೊದಲು ಒಳಗಿನ ಸಣ್ಣ ಚುಕ್ಕಿ, ಗೆರೆಗಳನ್ನು ತೆಗೆಯಿರಿ, ಹೊರಸುತ್ತು ಕೊನೆಗೆ. ಸುತ್ತ ರಬ್ಬರ್ ಇರುವವರೆಗೆ ಹಿಡಿದುಕೊಳ್ಳಲು ಜಾಗ ಇರುತ್ತದೆ. ತಿರುವು ಬಂದಾಗ ಬ್ಲೇಡ್ ತಿರುಗಿಸಬೇಡಿ, ರಬ್ಬರನ್ನೇ ಮೆಲ್ಲಗೆ ತಿರುಗಿಸಿ.

ವಧೂವರರ ಹೆಸರಿನ ಮೊದಲಕ್ಷರ ಬೇಕು ಅಂತ ತುಂಬಾ ಜನ ಕೇಳುತ್ತಾರೆ. ಕನ್ನಡದ ಅಕ್ಷರಕ್ಕೆ ಎತ್ತರ ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನಮ್ಮ ಅಕ್ಷರಗಳೆಲ್ಲ ದುಂಡು. ಅ, ಎ, ಠ ಇವುಗಳ ಹೊಟ್ಟೆಯ ಸಣ್ಣ ಜಾಗದಲ್ಲಿ ಬಣ್ಣ ತುಂಬಿಕೊಂಡು ಎರಡು ಒತ್ತಿಗೆ ಬರಿ ಮಚ್ಚೆಯಾಗುತ್ತದೆ. ಆ ಜಾಗವನ್ನು ಬೇರೆಡೆಗಿಂತ ಆಳವಾಗಿ ತೋಡಿ. ಒತ್ತಕ್ಷರ ಇದ್ದರೆ ಅದನ್ನು ಮೂಲ ಅಕ್ಷರಕ್ಕೆ ತಾಗಿಸಿಯೇ ಬರೆಯಿರಿ. ಬಿಡಿಯಾಗಿ ನಿಂತ ಸಣ್ಣ ತುಂಡು ಬೇಗ ಉದುರುತ್ತದೆ.

ಸೈಕಲ್ ಟ್ಯೂಬ್ ತೆಳು. ಅದನ್ನು ತೋಡಲಾಗುವುದಿಲ್ಲ, ಕತ್ತರಿಯಲ್ಲಿ ಎಲೆ, ಎಸಳು, ಪಟ್ಟಿ ಕತ್ತರಿಸಿ ಮರಕ್ಕೆ ಅಂಟಿಸಬೇಕು. ಸರಳ ಆಕಾರಕ್ಕೆ ಅದೇ ಒಳ್ಳೆಯದು.

ಫೋಮ್ ಮ್ಯಾಟ್‌ನಲ್ಲಿ ಇನ್ನೊಂದು ಗುಣ ಇದೆ. ಬಿಸಿಯಾದರೆ ಮೆತ್ತಗಾಗಿ, ಒತ್ತಿದ ಆಕಾರವನ್ನು ಹಿಡಿದುಕೊಳ್ಳುತ್ತದೆ. ಫೋಮಿನ ಮೇಲೆ ಬೇಕಿಂಗ್ ಪೇಪರ್ ಹಾಸಿ, ಮಧ್ಯಮ ಬಿಸಿಯ ಇಸ್ತ್ರಿ ಪೆಟ್ಟಿಗೆಯನ್ನು ಹತ್ತು ಹದಿನೈದು ಸೆಕೆಂಡು ಇಡಿ. ತಕ್ಷಣ ಅದನ್ನು ಹಿತ್ತಾಳೆ ಡಬ್ಬಿಯ ಕೆತ್ತನೆಯ ಮುಚ್ಚಳಕ್ಕೋ, ಜಾಲರಿ ತುಂಡಿಗೋ ಬಲವಾಗಿ ಒತ್ತಿ, ತಣ್ಣಗಾಗುವವರೆಗೆ ಬಿಡಬೇಡಿ. ಲೋಹದಲ್ಲಿ ತಗ್ಗಿದ್ದದ್ದು ಫೋಮಿನಲ್ಲಿ ಉಬ್ಬಿ ನಿಲ್ಲುತ್ತದೆ, ಅಲ್ಲಿ ಬಣ್ಣ ಹಿಡಿಯುತ್ತದೆ. ಕೈಯಲ್ಲಿ ಕೆತ್ತಲಾಗದ ಸಣ್ಣ ಬಳ್ಳಿ ಕೂಡ ಹೀಗೆ ಬರುತ್ತದೆ. ಕಿಟಕಿ ತೆಗೆದಿಟ್ಟು ಮಾಡಿ, ಫೋಮನ್ನು ಕರಗಿಸುವಷ್ಟು ಕಾಯಿಸಬೇಡಿ. ಮತ್ತೆ ಬಿಸಿ ತಾಗಿದರೆ ಗುರುತು ಮಾಯವಾಗಬಹುದು, ಹಾಗಾಗಿ ಇಂಥ ಅಚ್ಚನ್ನು ಬಿಸಿಲಲ್ಲಿ ಇಡಬಾರದು.

ಜೋಡಿಸುವುದು, ಒತ್ತುವುದು

ರಬ್ಬರ್ ಅಂಟಿಸಲು ಫೆವಿಬಾಂಡ್ ತರಹದ ರಬ್ಬರ್ ಅಂಟೇ ಬೇಕು. ಫೆವಿಕ್ವಿಕ್ ಗಟ್ಟಿಯಾಗಿ ಒಣಗುತ್ತದೆ, ರಬ್ಬರ್ ಬಗ್ಗಿದಾಗ ಬಿರುಕು ಬಿಟ್ಟು ಬಿಡುತ್ತದೆ. ಮರ, ರಬ್ಬರ್ ಎರಡನ್ನೂ ಸ್ವಲ್ಪ ಉಜ್ಜಿ, ಎರಡಕ್ಕೂ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಿ. ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ, ನಿಧಾನವಾಗಿ ಇಡಿ. ಕೆಳಗಿನ ಮರದ ತುಂಡು ಚಿತ್ತಾರದ ಅಳತೆಗೇ ಇರಲಿ. ದೊಡ್ಡದಾದರೆ ಅದರ ಮೂಲೆಗೆ ಬಣ್ಣ ತಾಗಿ ಬಟ್ಟೆ ಮೇಲೆ ಕಲೆ ಬೀಳುತ್ತದೆ. ಮರದ ಬೆನ್ನಿಗೆ ಮೇಲು ಯಾವುದು ಅಂತ ಬಾಣದ ಗುರುತು ಹಾಕಿ.

ಗುಜರಾತಿನ ಪೇಥಾಪುರದಲ್ಲಿ ತೇಗದ ಅಚ್ಚು ಕೆತ್ತುವವರು ದೊಡ್ಡ ಅಚ್ಚುಗಳಿಗೆ ಈ ಬದಿಯಿಂದ ಆ ಬದಿಗೆ ತೂತು ಕೊರೆಯುತ್ತಾರೆ. ಅಚ್ಚು ಮತ್ತು ಬಟ್ಟೆಯ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹೊರಹೋಗುತ್ತದೆ. ನಿಮ್ಮ ಅಚ್ಚು ಐದು ಸೆಂ.ಮೀ.ಗಿಂತ ಅಗಲವಾಗಿ, ತುಂಬಾ ತಗ್ಗುಗಳಿದ್ದರೆ ನೀವೂ ತಗ್ಗಿನ ಜಾಗದಲ್ಲಿ ಮೂರು ಮಿ.ಮೀ.ನ ಒಂದೆರಡು ತೂತು ಹಾಕಿ.

ಉದ್ದನೆ ಅಂಚಿಗೆ ಹಳೆ ಲಟ್ಟಣಿಗೆ. ಹಿಡಿ ನಿಂತು ನಡುವಿನ ಮರ ಮಾತ್ರ ತಿರುಗುವಂಥದ್ದೇ ಬೇಕು. ಅದರ ಸುತ್ತ ಟ್ಯೂಬಿನ ಪಟ್ಟಿಗಳನ್ನು ಓರೆಯಾಗಿ ಅಂಟಿಸಿ. ನಾಲ್ಕು ಸೆಂ.ಮೀ. ದಪ್ಪದ ಲಟ್ಟಣಿಗೆಯಾದರೆ ಹನ್ನೆರಡೂವರೆ ಸೆಂ.ಮೀ.ಗೊಮ್ಮೆ ಅದೇ ಚಿತ್ತಾರ ಮತ್ತೆ ಬರುತ್ತದೆ. ಚೀಲದ ಅಗಲವನ್ನು ಅದಕ್ಕೆ ಹೊಂದಿಸಿಕೊಂಡರೆ ಎರಡು ಬದಿಯೂ ಕೂಡುತ್ತದೆ.

ಚೀಲಗಳನ್ನು ಮೊದಲು ಒಗೆದು ಗಂಜಿ ತೆಗೆಯಲೇಬೇಕು. ಗಂಜಿ ಇದ್ದರೆ ಬಣ್ಣ ಅದರ ಮೇಲೆ ಕೂತು, ಮೊದಲ ಒಗೆತಕ್ಕೇ ಹೋಗುತ್ತದೆ. ಒಣಗಿಸಿ, ಇಸ್ತ್ರಿ ಹಾಕಿ, ಒಳಗೆ ರಟ್ಟು ತೂರಿಸಿ. ರಟ್ಟಿಲ್ಲದಿದ್ದರೆ ಬಣ್ಣ ಹಿಂಬದಿಗೂ ಇಳಿಯುತ್ತದೆ. ಮೇಜಿನ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಹಳೆ ಬೆಡ್‌ಶೀಟ್ ಹಾಸಿ. ತಟ್ಟೆಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು, ಅದರ ಮೇಲೆ ಮಲ್ ಬಟ್ಟೆ, ಮೇಲೆ ಫ್ಯಾಬ್ರಿಕ್ ಪೇಂಟ್ ಹರಡಿ. ಅಚ್ಚನ್ನು ಬಣ್ಣಕ್ಕೆ ಅದ್ದುವುದಲ್ಲ, ಮುಟ್ಟಿಸುವುದು. ಬಣ್ಣಕ್ಕೆ ನೀರು ಬೆರೆಸಿದರೆ ಚಿತ್ತಾರದ ಅಂಚು ಹಬ್ಬುತ್ತದೆ.

ಹೊಸ ಅಚ್ಚನ್ನು ಮೊದಲು ಹಳೆ ಬಟ್ಟೆಯ ಮೇಲೆ ನಾಲ್ಕಾರು ಸಲ ಒತ್ತಿ, ಬಣ್ಣ ಕುಡಿಯಲು ಬಿಡಿ. ಆಮೇಲೆ ಚೀಲದ ಮೇಲಿಟ್ಟು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಮುಷ್ಟಿಯಿಂದ ಹಿಡಿಯ ತಲೆಗೆ ಒಂದೇ ಏಟು. ನೆಟ್ಟಗೆ ಮೇಲಕ್ಕೆ ಎತ್ತಿ. ಅಂಚನ್ನು ಒಂದು ಮೂಲೆಯಿಂದ ಶುರು ಮಾಡಿದರೆ ಕೊನೆಗೆ ಅರ್ಧ ಚಿತ್ತಾರ ಉಳಿಯುತ್ತದೆ. ನಡುವಿನಿಂದ ಎರಡೂ ಕಡೆಗೆ ಹೋಗಿ.

ಒಂದು ದಿನ ನೆರಳಲ್ಲಿ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಹಾಕಿ. ಅಚ್ಚುಗಳನ್ನು ಬಣ್ಣ ಒಣಗುವ ಮುಂಚೆಯೇ ಹಳೆ ಟೂತ್‌ಬ್ರಷ್‌ನಿಂದ ತೊಳೆಯಿರಿ. ಪ್ಲೈವುಡ್ಡನ್ನು ನೆನೆಹಾಕಬೇಡಿ, ಪದರ ಬಿಡುತ್ತದೆ. ರಬ್ಬರ್ ಮುಖ ಮೇಲೆ ಮಾಡಿ ಡಬ್ಬಿಯಲ್ಲಿ ಒಂದರ ಪಕ್ಕ ಒಂದು ಇಡಿ, ಒಂದರ ಮೇಲೊಂದು ಹೇರಿದರೆ ಗೆರೆಗಳು ಅಪ್ಪಚ್ಚಿಯಾಗುತ್ತವೆ. ಪ್ರತಿ ಅಚ್ಚನ್ನೂ ಒಂದು ಕಾಗದದ ಮೇಲೆ ಒತ್ತಿ ಆ ಕಾಗದವನ್ನು ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಡಿ. ಮುಂದಿನ ಸಲ ಯಾರಾದರೂ ಚೀಲ ಬೇಕು ಅಂತ ಬಂದಾಗ ಆ ಮುಚ್ಚಳ ತೋರಿಸಿದರೆ ಸಾಕು, ಅವರೇ ಆರಿಸಿಕೊಳ್ಳುತ್ತಾರೆ.