ಸೈನಿಕನ ನಂಬರ್ ಓದುವುದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ ಮುತ್ತಜ್ಜನನ್ನು ಬರೀ ಹೆಸರು ಹಿಡಿದು ಹುಡುಕಿದರೆ ಒಂದೇ ಹೆಸರಿನವರು ರಾಶಿ ರಾಶಿ ಸಿಗುತ್ತಾರೆ. ಅವರಲ್ಲಿ ನಮ್ಮವರನ್ನು ಬೇರ್ಪಡಿಸಲು ಬೇಕಾದ್ದು ಸರ್ವಿಸ್ ನಂಬರ್, ಅಂದರೆ ಸೇನೆ ಸೈನಿಕನಿಗೆ ಕೊಟ್ಟ ಗುರುತಿನ ಸಂಖ್ಯೆ. ಹಾಗಂತ ಒಬ್ಬನಿಗೆ ಒಂದೇ ನಂಬರ್ ಅಂದುಕೊಳ್ಳಬೇಡಿ. ಅಲ್ಲೇ ಜಾಸ್ತಿ ಜನ ಎಡವುವುದು.

ಮೊದಲು ಮನೆಯಲ್ಲಿರುವ ಪದಕ ತೆಗೆಯಿರಿ. ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಆದರೆ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ನಂಬರ್, ದರ್ಜೆ, ಹೆಸರು, ರೆಜಿಮೆಂಟ್ ಸಾಲಾಗಿ ಕಾಣುತ್ತವೆ. 1914-15ರ ಸ್ಟಾರ್ ಆದರೆ ಹಿಂಬದಿ ನೋಡಿ. ಗಾಯ ಅಥವಾ ಕಾಯಿಲೆಯಿಂದ ಸೇನೆ ಬಿಟ್ಟವರಿಗೆ ಸಿಗುತ್ತಿದ್ದ ಸಿಲ್ವರ್ ವಾರ್ ಬ್ಯಾಡ್ಜ್‌ನ ಹಿಂದೆಯೂ ಒಂದು ನಂಬರ್ ಇರುತ್ತದೆ. ಅದು ಬ್ಯಾಡ್ಜ್‌ನದ್ದು, ಸೈನಿಕನದ್ದಲ್ಲ. ಅಧಿಕಾರಿಯ ಪದಕದಲ್ಲಿ ನಂಬರೇ ಇಲ್ಲದಿದ್ದರೆ ಗಾಬರಿ ಬೇಡ, ಆ ಯುದ್ಧದಲ್ಲಿ ಅವರಿಗೆ ನಂಬರ್ ಇರಲಿಲ್ಲ.

ನಂಬರನ್ನು ರೆಜಿಮೆಂಟ್ ಹೆಸರಿನ ಜೊತೆಗೇ ಬರೆದಿಟ್ಟುಕೊಳ್ಳಿ. 1920ರವರೆಗೆ ಇಡೀ ಸೇನೆಗೆ ಒಂದೇ ಸರಣಿ ಇರಲಿಲ್ಲ. ರೆಜಿಮೆಂಟ್‌ಗೊಂದು ಲೆಕ್ಕ, ಕೆಲವು ಕಡೆ ಅದರೊಳಗಿನ ಬೆಟಾಲಿಯನ್‌ಗೂ ಒಂದು. ಹಾಗಾಗಿ 1234 ನಂಬರಿನವರು ಎಷ್ಟೋ ಮಂದಿ ಇರಬಹುದು. ರೆಜಿಮೆಂಟ್ ಬದಲಾದರೆ ಸಾಮಾನ್ಯವಾಗಿ ನಂಬರೂ ಹೊಸದು.

ನಂಬರಿನ ಮುಂದಿನ ಅಕ್ಷರವನ್ನು ಬಿಡಬೇಡಿ. ಮಿಡ್ಲ್‌ಸೆಕ್ಸ್ ರೆಜಿಮೆಂಟ್‌ನಲ್ಲಿ ‘ಎಫ್’ ಇದ್ದರೆ ಫುಟ್‌ಬಾಲ್ ಬೆಟಾಲಿಯನ್‌ಗಳೆಂದು ಹೆಸರಾದ 17ನೇ ಅಥವಾ 23ನೇ ಬೆಟಾಲಿಯನ್ ಸೇರಿದವನು. ಆದರೆ ಅಕ್ಷರದ ಅರ್ಥವೂ ಪಡೆಯಿಂದ ಪಡೆಗೆ ಬೇರೆ. ಸೇನೆಗೆ ಸಾಮಾನು ಸಾಗಿಸುತ್ತಿದ್ದ ಆರ್ಮಿ ಸರ್ವಿಸ್ ಕೋರ್‌ನಲ್ಲಿ ‘ಎಂ’ ಅಂದರೆ ಮೋಟಾರು ವಾಹನ ವಿಭಾಗ, ‘ಟಿ’ ಅಂದರೆ ಕುದುರೆ ಗಾಡಿಗಳ ಸಾಗಣೆ.

ಇನ್ನು ಅಂಕಿ ಎಷ್ಟಿವೆ ನೋಡಿ. 1917ರ ಆರಂಭದಲ್ಲಿ ಟೆರಿಟೋರಿಯಲ್ ಪಡೆಯ (ಅರೆಕಾಲಿಕ ಸ್ವಯಂಸೇವಕರ ಪಡೆ) ಕಾಲಾಳುಗಳಿಗೆಲ್ಲ ಹೊಸದಾಗಿ ಆರಂಕಿಯ ನಂಬರ್ ಕೊಟ್ಟರು. 1916ರಲ್ಲಿ 2 ಸಾವಿರದ ಚಿಲ್ಲರೆ ನಂಬರ್ ಇದ್ದವನು 1918ರಲ್ಲಿ 200 ಸಾವಿರದ ಮೇಲಿನ ನಂಬರಿನಲ್ಲಿ ಕಾಣಿಸಿದರೆ ಇಬ್ಬರು ಅಂತ ತೀರ್ಮಾನಿಸಬೇಡಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ (ರಾಷ್ಟ್ರೀಯ ದಾಖಲೆ ಸಂಗ್ರಹ) ಮೆಡಲ್ ಇಂಡೆಕ್ಸ್ ಕಾರ್ಡ್‌ನಲ್ಲಿ, ಅಂದರೆ ಸೈನಿಕನ ಪದಕಗಳ ವಿವರ ಬರೆದಿಟ್ಟ ಕಾರ್ಡ್‌ನಲ್ಲಿ, ಹಳೆಯದು, ಹೊಸದು ಎರಡೂ ಒಂದರ ಕೆಳಗೊಂದು ಸಿಗುವುದುಂಟು.

ಸೇವಾ ಕಡತ ಸಿಗದಿದ್ದರೆ? ಅದೇನೂ ಅಪರೂಪವಲ್ಲ. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಅರ್ಧಕ್ಕಿಂತ ಜಾಸ್ತಿ ಕಡತಗಳು ಸುಟ್ಟುಹೋದವು. ಆಗ ಅಕ್ಕಪಕ್ಕದ ನಂಬರಿನವರನ್ನು ಹಿಡಿಯಿರಿ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಭಾಗ ಇದೇ. ನಿಮ್ಮವರದ್ದು 15240 ಅಂತಿಟ್ಟುಕೊಳ್ಳಿ. ಅದೇ ರೆಜಿಮೆಂಟಿನ ಅದೇ ಸರಣಿಯಲ್ಲಿ 15236 ಮತ್ತು 15245ರ ಕಡತ ಉಳಿದಿದ್ದು, ಇಬ್ಬರೂ ಒಂದೇ ವಾರದಲ್ಲಿ ಸೇರಿದ್ದರೆ ನಿಮ್ಮವರೂ ಬಹುತೇಕ ಆಗಲೇ ಸೇರಿರುತ್ತಾರೆ. ಆದರೆ ಆ ಸಾಲಿನ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿದ್ದರೆ ಹುಷಾರು. ಬೇರೆ ಪಡೆಯಿಂದ ಗುಂಪಾಗಿ ಬಂದವರಿಗೆ ಪಟ್ಟಿ ಹಿಡಿದು ನಂಬರ್ ಹಂಚಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ನಿಮಗೆ ಸಿಕ್ಕಿದ್ದು ವರ್ಗಾವಣೆಯ ದಿನ. ಸೇನೆ ಸೇರಿದ ದಿನ ತಿಳಿಯಲು ಹಿಂದಿನ ಪಡೆಯ ನಂಬರ್ ಹುಡುಕಬೇಕು.